ಕಂಚಿನ ಗಂಟೆಯ ಸ್ಮರಣ ಸಂಚಿಕೆ

ಶಾಲೆಗೆ ಐವತ್ತು ವರ್ಷ ತುಂಬುವುದಕ್ಕೂ ಮೇಷ್ಟ್ರ ದವಡೆ ಹಲ್ಲು ಕೈಕೊಡುವುದಕ್ಕೂ ಸರಿಹೋಯಿತು. ಎರಡರಲ್ಲಿ ಯಾವುದು ಹೆಚ್ಚು ನೋವು ಎಂದು ಯಾರಾದರೂ ಕೇಳಿದ್ದರೆ ಅವರು ಹಿಂದೆಮುಂದೆ ನೋಡದೆ ಶಾಲೆ ಎನ್ನುತ್ತಿದ್ದರು. ಹಲ್ಲುನೋವಿಗಾದರೂ ಒಂದು ಮಾತ್ರೆ ಇದೆ. ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಯಾವ ಮಾತ್ರೆಯೂ ಇನ್ನೂ ಬಂದಿಲ್ಲ.

ಮೇಷ್ಟ್ರು ಆ ಶಾಲೆಯಲ್ಲಿ ಭಾಷೆಯ ಪಾಠ ಹೇಳಿ ನಿವೃತ್ತರಾದವರು. ಪಾಠ ಹೇಳಿದರು ಎನ್ನುವುದಕ್ಕಿಂತ ತಿದ್ದಿದರು ಎನ್ನುವುದೇ ಸರಿ. ಜೇಬಿನಲ್ಲಿ ಸದಾ ಕೆಂಪು ಪೆನ್ನು ಇರುತ್ತಿದ್ದದ್ದರಿಂದ ಮಕ್ಕಳು ಬೆನ್ನ ಹಿಂದೆ ಕೆಂಪು ಮಸಿ ಎಂದು ಕರೆಯುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಅಂಗಡಿಯ ಬೋರ್ಡು, ಆಸ್ಪತ್ರೆಯ ಗೋಡೆ, ಬಸ್ಸಿನ ಹಿಂಭಾಗ, ಎಲ್ಲಿ ತಪ್ಪು ಕಂಡರೂ ಬೆರಳು ತುರಿಸುತ್ತಿತ್ತು. ಹೆಂಡತಿ ಬದುಕಿದ್ದಾಗ ಅಡುಗೆಮನೆಯ ಡಬ್ಬಿಗಳ ಮೇಲೆ ಅಂಟಿಸಿದ್ದ ಚೀಟಿಗಳನ್ನೂ ಬಿಟ್ಟಿರಲಿಲ್ಲ. ಆ ಪುಣ್ಯಾತ್ಗಿತ್ತಿ ಕೊನೆಗೆ ಚೀಟಿಗಳನ್ನೆಲ್ಲ ಕಿತ್ತುಹಾಕಿ, ಡಬ್ಬಿ ಮೂಸಿ ನೋಡಿ ಅಡುಗೆ ಮಾಡುವುದನ್ನು ಕಲಿತಿದ್ದಳು.

ಅಂಥವರನ್ನು ಸ್ಮರಣ ಸಂಚಿಕೆಯ ಸಂಪಾದಕರನ್ನಾಗಿ ಮಾಡಿದವನು ಸಂಘದ ಅಧ್ಯಕ್ಷ. ಅವನೂ ಹಳೆಯ ವಿದ್ಯಾರ್ಥಿಯೇ, ಈಗ ಸಿಮೆಂಟಿನ ವ್ಯಾಪಾರಿ. ಮಾತಾಡುವ ಧಾಟಿಯೂ ಅದೇ: ಎಲ್ಲವನ್ನೂ ಒಟ್ಟಿಗೆ ಕಲಸಿ ಸುರಿದು, ಅದು ಗಟ್ಟಿಯಾಗುವವರೆಗೆ ಜಾಗ ಬಿಟ್ಟು ಕದಲುವುದಿಲ್ಲ.

"ಸಾರ್, ಎಲ್ಲರೂ ಒಂದೇ ವಿಷಯದ ಮೇಲೆ ಬರೆಯೋದು. ನಮ್ಮ ಶಾಲೆಯ ಗಂಟೆ. ಗಂಟೆ ಅಂದ್ರೆ ಯಾರ ಕಣ್ಣು ಒದ್ದೆ ಆಗಲ್ಲ ಹೇಳಿ?"

"ನನ್ನದು," ಎಂದರು ಮೇಷ್ಟ್ರು.

ಆದರೂ ಒಪ್ಪಿಕೊಂಡರು. ಒಪ್ಪಿಕೊಳ್ಳಲು ಒಂದು ಕಾರಣವಿತ್ತು, ಅದನ್ನು ಅವರು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ನಿವೃತ್ತಿಯ ದಿನ ಭಾಷಣ ಮಾಡಿದವರೆಲ್ಲ ಅವರ ಶಿಸ್ತನ್ನು ಹೊಗಳಿದ್ದರು, ದುಂಡಗಿನ ಅಕ್ಷರವನ್ನು ಹೊಗಳಿದ್ದರು, ಒಂದು ದಿನವೂ ತಡವಾಗಿ ಬರದಿದ್ದುದನ್ನು ಹೊಗಳಿದ್ದರು. ಒಬ್ಬನೂ ಎದ್ದು ನಿಂತು, ಇವರು ನನಗೆ ಬರೆಯುವುದನ್ನು ಕಲಿಸಿದರು ಎಂದಿರಲಿಲ್ಲ. ಅದು ಅಂದಿನಿಂದ ಚುಚ್ಚುತ್ತಲೇ ಇತ್ತು. ಅಷ್ಟು ವರ್ಷ, ಅಷ್ಟು ಮಕ್ಕಳು, ಅಷ್ಟು ಮಸಿ. ಅವರಲ್ಲಿ ಒಬ್ಬರಾದರೂ, ಬೇರೆ ಯಾರ ಕೈಯಲ್ಲೂ ಆಗದಂಥ ಒಂದು ವಾಕ್ಯ ಬರೆಯಬಲ್ಲವರು ಆಗಿದ್ದಾರೋ ಇಲ್ಲವೋ? ಪುಸ್ತಕ ಬೇಡ, ಪುಟವೂ ಬೇಡ, ಒಂದು ವಾಕ್ಯ ಸಾಕು. ಸಿಕ್ಕರೆ ತಾನು ಬದುಕಿದ್ದಕ್ಕೆ ಅರ್ಥವಿದೆ. ಸಿಗದಿದ್ದರೆ ಜೀವಮಾನವೆಲ್ಲ ಕಾಗದ ಹಾಳುಮಾಡಿದ್ದಷ್ಟೇ. ಸಾಯುವುದರೊಳಗೆ ಅದು ಅವರಿಗೆ ಗೊತ್ತಾಗಬೇಕಿತ್ತು.

ಮನೆಯಲ್ಲಿ ಮಗಳಿದ್ದಳು. ಅದೇ ಶಾಲೆಯಲ್ಲಿ, ಅವರ ತರಗತಿಯಲ್ಲೇ ಕೂತು ಓದಿದವಳು, ಈಗ ಹಲ್ಲಿನ ಡಾಕ್ಟರು. ಊಟಕ್ಕೆ ಕೂತಾಗ ಮೇಷ್ಟ್ರು ಮಾತಿಗೊಂದು ಮಾತು ಎನ್ನುವ ಹಾಗೆ, ನೀನೂ ಒಂದು ಬರೆದುಕೊಡು ಎಂದರು.

"ನನಗೆ ಬರೆಯೋಕೆ ಬರಲ್ಲ ಅಪ್ಪ. ನಿಮಗೇ ಗೊತ್ತಲ್ಲ."

ಗೊತ್ತಿತ್ತು. ನೆಂಟರ ಮುಂದೆ ಅದನ್ನು ತಮಾಷೆ ಮಾಡಿ ಹೇಳುತ್ತಲೂ ಇದ್ದರು: ನನ್ನ ಮಗಳ ಕೈ ಇನ್ನೊಬ್ಬರ ಬಾಯಿಯೊಳಗೆ ಚೆನ್ನಾಗಿ ಓಡುತ್ತೆ, ಕಾಗದದ ಮೇಲೆ ಮಾತ್ರ ಓಡಲ್ಲ. ಅವಳು ಬರೆಯುವುದೆಂದರೆ ಔಷಧಿಯ ಚೀಟಿ, ಅದನ್ನೂ ಅಂಗಡಿಯವನು ದೇವರ ಮೇಲೆ ಭಾರ ಹಾಕಿ ಓದಬೇಕು.

"ಆ ಹಲ್ಲು ತೋರಿಸೋಕೆ ಬನ್ನಿ ಅಂತ ಇನ್ನೆಷ್ಟು ಸಲ ಹೇಳಲಿ?" ಎಂದು ಅವಳು ಮಾತು ತಿರುಗಿಸಿದಳು. ಮೇಷ್ಟ್ರು ಇನ್ನೊಂದು ಕಡೆಯ ದವಡೆಯಲ್ಲಿ ಅಗಿಯುತ್ತ, ಸಂಚಿಕೆ ಮುಗಿಯಲಿ ಎಂದರು.

ಮೊದಲು ಬಂದದ್ದು ಅಧ್ಯಕ್ಷನ ಲೇಖನ. ಮೇಷ್ಟ್ರು ಮೂಗು ಮುರಿದುಕೊಂಡೇ ಓದಲು ಕೂತರು. ಎರಡನೆಯ ಸಾಲಿಗೆ ಬರುವ ಹೊತ್ತಿಗೆ ಮೂಗು ತಾನಾಗಿಯೇ ನೆಟ್ಟಗಾಯಿತು. "ಮುಂಜಾನೆಯ ತಂಗಾಳಿಯ ಹೆಗಲೇರಿ ತೇಲಿ ಬರುತ್ತಿದ್ದ ಆ ಕಂಚಿನ ನಾದವು, ನಿದ್ದೆಗಣ್ಣಿನ ನಮ್ಮನ್ನು ಕೈಹಿಡಿದು ಜ್ಞಾನದ ಹೊಸ್ತಿಲಿಗೆ ಕರೆದೊಯ್ಯುತ್ತಿತ್ತು." ಪರವಾಗಿಲ್ಲವೇ! ಸಿಮೆಂಟಿನ ಮೂಟೆಯೊಳಗಿಂದ ಹೀಗೊಂದು ವಾಕ್ಯ ಹೊರಗೆ ಬರುತ್ತದೆಂದು ಯಾರು ಎಣಿಸಿದ್ದರು? ಮುಂದೆ ಗಂಟೆ ತೂಗುವ ವಿಶಾಲವಾದ ವೃಕ್ಷ ಬಂತು. ನಡುಗುವ ಕೈಗಳ ವೃದ್ಧ ಸೇವಕ ಬಂದ, ಅವನ ಹಣೆಯ ನೆರಿಗೆಗಳಲ್ಲಿ ಕಾಲವೇ ಬಂದು ಕೂತಿತ್ತು. ಮೇಷ್ಟ್ರಿಗೆ ಹಲ್ಲುನೋವು ಮರೆತೇಹೋಯಿತು. ಎದ್ದು ಕೋಣೆಯ ತುಂಬ ಓಡಾಡಿದರು.

ಮಾರನೆಯ ದಿನ ವಕೀಲನ ಲೇಖನ ಬಂತು. ತಂಗಾಳಿ, ಹೆಗಲು, ಕಂಚಿನ ನಾದ. ವಿಶಾಲವಾದ ವೃಕ್ಷ, ನಡುಗುವ ಕೈ, ಹಣೆಯ ನೆರಿಗೆ. ಮೇಷ್ಟ್ರು ಫೋನೆತ್ತಿಕೊಂಡರು.

"ಲೋ, ಕೋರ್ಟಿನಲ್ಲಿ ನಿಂತು ನ್ಯಾಯ ಕೇಳೋನು ನೀನು. ಅಧ್ಯಕ್ಷನ ಲೇಖನ ಕದ್ದು ನನಗೇ ಕಳಿಸ್ತೀಯಾ? ಮಾನ ಮರ್ಯಾದೆ ಏನಾದರೂ ಇದೆಯಾ?"

"ಕದಿಯೋದು ಯಾಕೆ ಸಾರ್? ನಾನೇ ಕೂತು ಬರೆದಿದ್ದು. ಬರೆಯೋವಾಗ ಅತ್ತುಬಿಟ್ಟೆ, ಬೇಕಾದ್ರೆ ನನ್ನ ಹೆಂಡ್ತೀನ ಕೇಳಿ."

ಹೆಂಡತಿಯನ್ನು ಫೋನಿಗೆ ಕರೆದೇಬಿಟ್ಟ. ಆಕೆಯೂ ಸಾಕ್ಷಿ ಹೇಳಿದಳು: ಹೌದು, ಅತ್ತರು, ಕರವಸ್ತ್ರ ತಂದುಕೊಟ್ಟವಳು ನಾನೇ.

ಆಮೇಲೆ ಬ್ಯಾಂಕ್ ಮ್ಯಾನೇಜರು, ವಿಮೆ ಏಜೆಂಟು, ಔಷಧಿ ಅಂಗಡಿಯವನು, ಅಕ್ಕತಂಗಿಯರಿಬ್ಬರು ಸಾಲುಗಟ್ಟಿ ಕಳಿಸಿದರು. ಎಲ್ಲರ ಬಾಲ್ಯದಲ್ಲೂ ಅದೇ ತಂಗಾಳಿ ಬೀಸಿತ್ತು. ಎಲ್ಲರೂ ಬರೆಯುವಾಗ ಅತ್ತಿದ್ದರು. ಅದು ಯಾವ ಮರ ಎಂದು ಮಾತ್ರ ಒಬ್ಬನೂ ಬರೆದಿರಲಿಲ್ಲ, ಮುದುಕನನ್ನು ಏನೆಂದು ಕೂಗುತ್ತಿದ್ದರು ಎಂದು ಒಬ್ಬಳೂ ಬರೆದಿರಲಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬ ಕವಿಯೂ ಇದ್ದ, ಅಂಗಿಯ ಮೇಲಿನ ಗುಂಡಿಗಳನ್ನು ಬಿಚ್ಚಿಕೊಂಡೇ ಓಡಾಡುವವನು. ಅವನ ಮೇಲೆ ಮೇಷ್ಟ್ರಿಗೆ ಸಣ್ಣ ಆಸೆಯಿತ್ತು. ಅವನು ಅದೇ ವಾಕ್ಯವನ್ನು ತರಕಾರಿ ಹೆಚ್ಚಿದ ಹಾಗೆ ಹೆಚ್ಚಿ ಒಂದರ ಕೆಳಗೊಂದು ಇಟ್ಟಿದ್ದ. ತಂಗಾಳಿಯ ಒಂದು ಸಾಲು, ಹೆಗಲೇರಿ ಒಂದು ಸಾಲು, ಕಂಚಿನ ಒಂದು ಸಾಲು, ನಾದ ಇನ್ನೊಂದು ಸಾಲು, ನಡುನಡುವೆ ಉಸಿರೆಳೆದುಕೊಳ್ಳಲು ಒಂದಷ್ಟು ಚುಕ್ಕಿ. ಇಷ್ಟಕ್ಕೇ ಕವಿಯಾಗುವುದಾದರೆ ಅಡುಗೆಮನೆಯಲ್ಲಿ ಚಾಕು ಹಿಡಿದವರೆಲ್ಲ ಮಹಾಕವಿಗಳಾಗಬೇಕಿತ್ತು.

"ಕಳ್ಳರ ಹಿಂಡು," ಎಂದು ಮೇಷ್ಟ್ರು ಅಧ್ಯಕ್ಷನಿಗೆ ಹೇಳಿದರು. "ಯಾರೋ ಒಬ್ಬ ಬರೆದಿದ್ದಾನೆ, ಉಳಿದವರು ಕದ್ದಿದ್ದಾರೆ. ಆ ಮೊದಲನೆಯವನು ಯಾರು ಅಂತ ಗೊತ್ತಾಗಲಿ, ನನಗೆ ಅವನೊಬ್ಬ ಸಾಕು."

"ಮೊದಲನೆಯವನು ನಾನೇ ಸಾರ್."

"ನಿನ್ನ ಮುಖ," ಎಂದರು ಮೇಷ್ಟ್ರು.

ಆದರೆ ಆಸೆ ಬಿಡಲಿಲ್ಲ. ಆ ಮೊದಲನೆಯವನನ್ನು ನೆನೆದರೆ ಎದೆ ತುಂಬಿ ಬರುತ್ತಿತ್ತು. ಯಾವುದೋ ಬೆಂಚಿನ ಮೂಲೆಯಲ್ಲಿ ಕೂತಿದ್ದ ಯಾವನೋ ಒಬ್ಬ, ತಾನು ಕಲಿಸಿದ್ದನ್ನು ಮೈಗೂಡಿಸಿಕೊಂಡು ಅಂಥ ವಾಕ್ಯ ಬರೆದಿದ್ದಾನೆ. ಅವನ ಕೈ ಕುಲುಕಬೇಕು. ಮೇಷ್ಟ್ರು ಸಿಕ್ಕಸಿಕ್ಕವರಿಗೆ ಫೋನ್ ಮಾಡಿ ಬೈದು, ಬೈದ ಮೇಲೆ ವಿಚಾರಿಸಿದರು. ಎಲ್ಲರೂ ಹೇಳಿದ್ದು ಒಂದೇ ಮಾತು, ನನ್ನದೇ ನೆನಪು ಸಾರ್.

ಅಷ್ಟರಲ್ಲಿ ಮುಖಪುಟಕ್ಕೆ ಗಂಟೆಯ ಫೋಟೋ ಬೇಕೆಂದು ಅಧ್ಯಕ್ಷ ಮೇಷ್ಟ್ರನ್ನು ಕಾರಿನಲ್ಲಿ ಕೂರಿಸಿಕೊಂಡು ಶಾಲೆಗೆ ಹೋದ. ಹೆಡ್‌ಮಿಸ್ ಇನ್ನೂ ಚಿಕ್ಕ ವಯಸ್ಸಿನವಳು, ಆ ಶಾಲೆಗೆ ಹೊಸಬಳು.

"ಯಾವ ಗಂಟೆ ಸಾರ್?" ಎಂದಳು.

"ಗಂಟೆ ಅಮ್ಮ, ಗಂಟೆ. ಕಂಚಿಂದು," ಎಂದ ಅಧ್ಯಕ್ಷ.

ಅವಳು ಕಾರಿಡಾರಿಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದಳು. ಮೇಲೆ ಬೂದು ಬಣ್ಣದ ಒಂದು ಡಬ್ಬಿ, ಕೆಳಗೊಂದು ಸ್ವಿಚ್ಚು. ನೋಡುತ್ತಿದ್ದಂತೆ ಪೀರಿಯಡ್ ಮುಗಿಯಿತು. ಯಾರೋ ಬಂದು ಸ್ವಿಚ್ಚು ಒತ್ತಿದರು. ಡಬ್ಬಿ ಕರ್ರ್ ಎಂದು ಅರಚಿದ ರಭಸಕ್ಕೆ ಮೇಷ್ಟ್ರ ದವಡೆಯಲ್ಲಿ ಮಿಂಚು ಹೊಡೆದಂತಾಯಿತು.

"ಮೊದಲಿನಿಂದಲೂ ಇದೇ ಅಂತೆ ಸಾರ್. ಒಂದು ಸಲ ಸುಟ್ಟುಹೋಗಿತ್ತಂತೆ, ಬೇರೆ ಹಾಕಿಸಿದ್ದಾರೆ."

"ಮರ ಎಲ್ಲಿ?"

ಮೈದಾನ ಬೋಳಾಗಿತ್ತು. ಒಂದು ಮೋಟು ಕೂಡ ಇರಲಿಲ್ಲ. ಅಧ್ಯಕ್ಷ ಸೊಂಟದ ಮೇಲೆ ಕೈಯಿಟ್ಟುಕೊಂಡು ಅತ್ತಿತ್ತ ನೋಡಿ, ಮರ ಕಡಿದು ಮಾರಿಕೊಂಡಿದ್ದಾರೆ, ಗಂಟೆ ಕದ್ದಿದ್ದಾರೆ ಎಂದು ತೀರ್ಪು ಕೊಟ್ಟ. ಮರ ಇದ್ದದ್ದು ಸೈಕಲ್ ನಿಲ್ಲಿಸುವ ಜಾಗದಲ್ಲಿ ಎಂದ. ಅಲ್ಲ, ನೀರಿನ ನಲ್ಲಿಯ ಹತ್ತಿರ ಎಂದರು ಮೇಷ್ಟ್ರು. ಹೌದು, ಮೇಷ್ಟ್ರೂ ಹಾಗೇ ಎಂದರು. ಅಷ್ಟು ವರ್ಷ ಆ ಡಬ್ಬಿಯ ಕೆಳಗೇ ಹಾದುಹೋದ ಮನುಷ್ಯ, ಕೈ ಚಾಚಿ ಇಲ್ಲದ ಮರದ ಜಾಗ ತೋರಿಸಿದರು. ಇಬ್ಬರೂ ಗಂಟಲು ಹರಿದುಕೊಂಡು ವಾದ ಮಾಡಿದರು. ಹೆಡ್‌ಮಿಸ್ ಒಮ್ಮೆ ಇವರ ಮುಖ, ಒಮ್ಮೆ ಅವನ ಮುಖ ನೋಡಿ, ಕ್ಲಾಸಿದೆ ಎಂದು ಹೇಳಿ ಒಳಗೆ ಹೋದಳು.

ಅಲ್ಲಿಂದ ನೆಟ್ಟಗೆ ಪೊಲೀಸ್ ಠಾಣೆ. ಇನ್ಸ್‌ಪೆಕ್ಟರೂ ಇದೇ ಶಾಲೆಯವನಾಗಿದ್ದು ಒಳ್ಳೆಯದೇ ಆಯಿತು, ವಿವರಿಸುವ ಶ್ರಮ ತಪ್ಪಿತು. ಕಳುವಾದ ವಸ್ತುವಿನ ವರ್ಣನೆ ಎನ್ನುವಲ್ಲಿ ಇವರು ಬಾಯಿ ತೆರೆಯುವ ಮೊದಲೇ ಅವನೇ ಬರೆದುಕೊಂಡ: ಕಂಚಿನದು, ನಾದ ತಂಗಾಳಿಯಲ್ಲಿ ತೇಲುವಂಥದ್ದು. ಬರೆದು ಕಣ್ಣೊರೆಸಿಕೊಂಡ. ಯಾರ ಮೇಲಾದರೂ ಅನುಮಾನವಿದೆಯೇ ಎಂದು ಕೇಳಿ, ನಡುಗುವ ಕೈಗಳ ಒಬ್ಬ ವೃದ್ಧನನ್ನು ಹುಡುಕಲು ಇಬ್ಬರು ಪೇದೆಗಳನ್ನು ಕಳಿಸಿದ. ಕೈ ನಡುಗುವವನು ಅಂಥ ಗಂಟೆಯನ್ನು ಹೇಗೆ ಹೊತ್ತುಕೊಂಡು ಹೋದ ಎಂದು ಕೇಳುವಷ್ಟು ಬುದ್ಧಿ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಅಧ್ಯಕ್ಷ ಅಷ್ಟಕ್ಕೇ ನಿಲ್ಲದೆ, ಕಾರ್ಯಕ್ರಮದ ದಿನಕ್ಕೆ ಹಳೆಯದರ ಹಾಗೇ ಇರುವ ಹೊಸ ಗಂಟೆ ಮಾಡಿಸಲು ಎರಕದವನ ಹತ್ತಿರ ಹೋದ. ಹಳೆಯದು ಹೇಗಿತ್ತು ಎಂದು ಎರಕದವನು ಕೇಳಿದ್ದಕ್ಕೆ ಕವಿತೆ ತೋರಿಸಿದ.

ಶಾಲೆಯ ಮೈದಾನದಲ್ಲಿ ಕೂಗಾಡಿದ್ದನ್ನು ಹಲ್ಲು ಸಹಿಸಲಿಲ್ಲ. ಮಾರನೆಯ ಬೆಳಿಗ್ಗೆ ಎದ್ದಾಗ ಮೇಷ್ಟ್ರ ಒಂದು ಕೆನ್ನೆ ಊದಿಕೊಂಡು ಕಣ್ಣಿನವರೆಗೆ ಬಂದಿತ್ತು. ಮಗಳು ಒಂದು ಮಾತೂ ಕೇಳದೆ ಅವರನ್ನು ತನ್ನ ಕ್ಲಿನಿಕ್ಕಿಗೆ ಕರೆದೊಯ್ದು ಕುರ್ಚಿಯಲ್ಲಿ ಒರಗಿಸಿದಳು. ದೀಪ ಹಾಕಿದಳು, ಸೂಜಿ ಚುಚ್ಚಿದಳು, ಕೆನ್ನೆ ಮರಗಟ್ಟುವವರೆಗೆ ಕಾದಳು. ಬಾಯಿ ಮುಚ್ಚದಂತೆ ರಬ್ಬರಿನ ತುಂಡೊಂದನ್ನು ಹಲ್ಲುಗಳ ನಡುವೆ ಇಟ್ಟು, ಹತ್ತಿ ತುರುಕಿ, ಎಂಜಲು ಹೀರುವ ಕೊಳವೆಯನ್ನು ತುಟಿಯ ಅಂಚಿಗೆ ಸಿಕ್ಕಿಸಿದಳು. ಮೇಷ್ಟ್ರು ಕಣ್ಣು ಮೇಲೆ ಮಾಡಿ, ಗಂಟೆ ಸಿಗಲಿಲ್ಲ ಎನ್ನುವಂತೆ ಏನೋ ಗೊರಗೊರ ಎಂದರು.

"ಇಲ್ಲದೇ ಇರೋದು ಹೇಗೆ ಸಿಗುತ್ತೆ ಅಪ್ಪ?" ಎಂದಳು ಮಗಳು.

"ಆಂ?"

"ಅಷ್ಟೇ ಅಗಲ ತೆಗೆದಿರಿ, ಸಾಕು. ನೀವು ಪೊಲೀಸರವರೆಗೂ ಹೋಗ್ತೀರಿ ಅಂತ ಅಂದುಕೊಂಡಿರಲಿಲ್ಲ. ಮುಂಚೆ ಹೇಳೋಣ ಅಂದ್ರೆ ನೀವು ಇನ್ನೊಬ್ಬರ ಮಾತು ಪೂರ್ತಿ ಕೇಳಿದ್ದು ಯಾವತ್ತು? ಇವತ್ತು ಹೇಳ್ತೀನಿ. ಆ ಗಂಟೆ ಇರಲೇ ಇಲ್ಲ."

ಯಂತ್ರ ಗುಂಯ್ ಎಂದಿತು. ಮೇಷ್ಟ್ರು ಕೈಯೆತ್ತಿದರು. ಅವಳು ಆ ಕೈಯನ್ನು ಹಿಡಿದು ಮೆಲ್ಲಗೆ ಕುರ್ಚಿಯ ತೋಳಿನ ಮೇಲೆ ಇಟ್ಟಳು.

"ಎಂಟನೇ ಕ್ಲಾಸಿಗೆ ಪ್ರತಿ ವರ್ಷ ನೀವು ಒಂದು ಪ್ರಬಂಧ ಹೇಳಿ ಬರೆಸ್ತಿದ್ರಿ. ನಮ್ಮ ಶಾಲೆಯ ಗಂಟೆ. ತಂಗಾಳಿಯ ಹೆಗಲು, ಕಂಚಿನ ನಾದ, ವೃಕ್ಷ, ಮುದುಕ. ಪರೀಕ್ಷೆಗೆ ಬಂದೇ ಬರುತ್ತೆ, ಉರು ಹೊಡೀರಿ, ಒಂದಕ್ಷರ ಆಚೀಚೆ ಆದ್ರೂ ಮಾರ್ಕ್ಸ್ ಹೋಯ್ತು ಅಂತಿದ್ರಿ. ನೀವು ಹೇಳ್ತಾ, ನಾವು ಬರ್ಕೊಳ್ತಾ ಇರುವಾಗಲೇ ಹೊರಗೆ ಆ ಡಬ್ಬಿ ಅರಚ್ತಿತ್ತು. ಒಬ್ಬರೂ ತಲೆ ಎತ್ತಲಿಲ್ಲ. ಮುದುಕ ಎಲ್ಲಿದ್ದ ಅಪ್ಪ? ಜವಾನಣ್ಣನಿಗೆ ಆಗ ಮದುವೆನೂ ಆಗಿರಲಿಲ್ಲ. ಸ್ವಿಚ್ ಒತ್ತಿ, ಕಿಟಕಿ ಗಾಜಿನಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋತಿದ್ದ."

ಮೇಷ್ಟ್ರಿಗೆ ಹೇಳಲು ಎಷ್ಟೋ ಇತ್ತು. ಬಾಯಿಯ ತುಂಬ ಹತ್ತಿ. ಬಾಯಿಗೆ ಬೀಗ ಬಿದ್ದದ್ದರಿಂದ ತಲೆ ಕೆಲಸ ಮಾಡಲು ಶುರುಮಾಡಿತು, ಅದು ಅವರ ಮಟ್ಟಿಗೆ ಹೊಸ ಅನುಭವ. ತಮ್ಮದೇ ದನಿ ಕೇಳಿಸಿತು, ಬೆಂಚುಗಳ ನಡುವೆ ಓಡಾಡುತ್ತ ಬಿಡಿಬಿಡಿಯಾಗಿ ಹೇಳುವ ದನಿ: ತಂಗಾಳಿಯ, ಹೆಗಲೇರಿ. ಅದರ ಹಿಂದೆ ಇನ್ನೊಂದು ದನಿ ಕೇಳಿಸಿತು. ಅವರ ಮೇಷ್ಟ್ರದು. ತಾವೂ ಚಿಕ್ಕವರಾಗಿದ್ದಾಗ ತಲೆ ತಗ್ಗಿಸಿ ಕೂತು ಇದನ್ನೇ ಬರೆದುಕೊಂಡಿದ್ದರು, ಇದನ್ನೇ ಉರು ಹೊಡೆದಿದ್ದರು. ಆ ಮೇಷ್ಟ್ರಿಗೆ ಇನ್ಯಾರು ಹೇಳಿಕೊಟ್ಟಿದ್ದರೋ. ತಮ್ಮ ಸ್ವಂತ ಶಾಲೆಯಲ್ಲಿ ಗಂಟೆ ಹೇಗಿತ್ತು ಎಂದು ನೆನೆಸಿಕೊಳ್ಳಲು ನೋಡಿದರು. ಅಲ್ಲಿಯೂ ತಂಗಾಳಿ ಬೀಸತೊಡಗಿತು, ಬೇರೇನೂ ಬರಲಿಲ್ಲ. ಊರೆಲ್ಲ ಹುಡುಕಿದ ಆ ಮೊದಲನೆಯ ಲೇಖಕ ಬಾಯಿ ತೆರೆದುಕೊಂಡು ಈ ಕುರ್ಚಿಯಲ್ಲಿ ಬಿದ್ದಿದ್ದ. ಅವನೂ ಕಳ್ಳನೇ. ಹಾಗಾದರೆ ಅವರ ಕೈಯಲ್ಲಿ ಕಲಿತವರಲ್ಲಿ ಒಬ್ಬನೂ, ಒಬ್ಬಳೂ ಇರಲಿಲ್ಲ. ಒಂದು ವಾಕ್ಯವೂ ಇರಲಿಲ್ಲ. ಮೇಷ್ಟ್ರಿಗೆ ಅಳು ಬಂತು, ಆದರೆ ಮುಖದ ಅರ್ಧಭಾಗ ಅವರ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ.

"ನೋಯ್ತಾ?" ಎಂದಳು ಮಗಳು.

ಅವರು ಇಲ್ಲವೆಂದು ತಲೆಯಾಡಿಸಿದರು.

"ನಾನು ಬೇರೆ ಬರೆದಿದ್ದೆ," ಎಂದಳು ಅವಳು, ಹಳೆಯ ಸುದ್ದಿ ಹೇಳುವಷ್ಟು ಸಲೀಸಾಗಿ. "ನೀವು ಹೇಳಿದ್ದನ್ನ ಬಿಟ್ಟು. ಶಾಲೆಯಲ್ಲಿ ನಿಮ್ಮನ್ನ ಅಪ್ಪ ಅನ್ನೋ ಹಾಗಿರಲಿಲ್ಲ, ಸಾರ್ ಅನ್ನಬೇಕಿತ್ತು, ನೆನಪಿದೆಯಾ? ಅದಕ್ಕೇ ಹೀಗೆ ಶುರು ಮಾಡಿದ್ದೆ: ಕೊನೆಯ ಗಂಟೆ ಹೊಡೆದರೆ ಸಾರ್ ಹೋಗಿ ಅಪ್ಪ ಬರುತ್ತಾರೆ, ಕೆಲವು ದಿನ ಗಂಟೆ ಹೊಡೆದರೂ ಬರುವುದಿಲ್ಲ."

ಯಂತ್ರ ನಿಂತಿತ್ತು. ಅವಳು ಬೇರೆ ಸೂಜಿ ಹುಡುಕುತ್ತಿದ್ದಳು.

"ನೀವು ಅದನ್ನ ಕ್ಲಾಸಿನ ಮುಂದೆ ಗಟ್ಟಿಯಾಗಿ ಓದಿದ್ರಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇದು ಪ್ರಬಂಧ ಅಲ್ಲ, ಮನೆ ಹರಟೆ ಅಂದ್ರಿ. ಪುಟದ ಈ ಮೂಲೆಯಿಂದ ಆ ಮೂಲೆಗೆ ಕೆಂಪು ಗೆರೆ ಎಳೆದು, ಕಂಚಿನ ನಾದ ಬರೆದುಕೊಂಡು ಬಾ ಅಂದ್ರಿ. ಬರೆದುಕೊಂಡು ಬಂದೆ. ಪೂರ್ತಿ ಮಾರ್ಕ್ಸ್ ಕೊಟ್ರಿ."

ಮೇಷ್ಟ್ರಿಗೆ ಅದು ನೆನಪಿರಲಿಲ್ಲ. ಆ ದಿನವೂ ಇಲ್ಲ, ಆ ಪುಟವೂ ಇಲ್ಲ, ಬೆಂಚಿನಿಂದ ಎದ್ದು ನಿಂತ ಆ ಹುಡುಗಿಯ ಮುಖವೂ ಇಲ್ಲ. ಹಾಗೆ ಗೆರೆ ಎಳೆದ ಪುಟಗಳು ಒಂದೇ ಎರಡೇ. ಆದರೆ ವಾಕ್ಯ ಕಿವಿಗೆ ಬಿದ್ದ ಕೂಡಲೇ ಅವರ ಮೈಯೆಲ್ಲ ಜುಮ್ಮೆಂದಿತು. ಅದನ್ನು ಯಾವ ಗೈಡಿನಿಂದಲೂ ಎತ್ತಲು ಸಾಧ್ಯವಿರಲಿಲ್ಲ. ಸಿಮೆಂಟಿನವನು, ವಕೀಲ, ಕವಿ ಎಲ್ಲ ಒಟ್ಟಿಗೆ ಕೂತು ತಿಣುಕಿದರೂ ಅದು ಹುಟ್ಟುತ್ತಿರಲಿಲ್ಲ. ಅದನ್ನು ಬರೆಯಲು ಈ ಮನೆಯಲ್ಲೇ ಹುಟ್ಟಬೇಕು, ಇದೇ ಮನುಷ್ಯನ ಮಗಳಾಗಿರಬೇಕು. ಮೊದಲು ಅವರಿಗೆ ಆದದ್ದು ಸಂತೋಷ, ಹುಚ್ಚು ಸಂತೋಷ; ಸಿಕ್ಕಿತು, ಸಿಕ್ಕಿತು ಎಂದು ಎದ್ದು ಕೂಗಬೇಕೆನಿಸಿತು. ಆಮೇಲೆ ಆ ವಾಕ್ಯ ಏನು ಹೇಳುತ್ತಿದೆ ಎನ್ನುವುದು ತಲೆಗೆ ಹೋಯಿತು. ಅವರು ಕಣ್ಣು ಮುಚ್ಚಿಕೊಂಡರು.

ಅವಳು ಉಳಿದ ಕೆಲಸ ಮುಗಿಸಿದಳು. ರಬ್ಬರು ತೆಗೆದಳು, ಹತ್ತಿ ತೆಗೆದಳು, ಲೋಟದಲ್ಲಿ ನೀರು ಕೊಟ್ಟಳು. ಮೇಷ್ಟ್ರು ಬಾಯಿ ಮುಕ್ಕಳಿಸಿದರು. ಮರಗಟ್ಟಿದ ತುಟಿಯಿಂದ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು.

"ಆಮೇಲೆ?" ಎಂದರು. ನಾಲಗೆ ಹೊರಳದೆ ಮಾತು ತೊದಲಿತು.

"ಆಮೇಲೇನು? ಮಾತ್ರೆ ಬರ್ಕೊಡ್ತೀನಿ, ಎರಡು ದಿನ ಗಟ್ಟಿ ಪದಾರ್ಥ ತಿನ್ನಬೇಡಿ."

"ಅದಲ್ಲ. ಆ ವಾಕ್ಯ ಆದ ಮೇಲೆ. ಮುಂದೆ ಏನು ಬರೆದಿದ್ದೆ?"

ಅವಳು ಕೈಗವಸು ಕಳಚುತ್ತಿದ್ದವಳು ಹಾಗೇ ನಿಂತಳು. ತಮಾಷೆ ಮಾಡುತ್ತಿದ್ದಾರೋ ಎಂದು ಅವರ ಮುಖ ನೋಡಿದಳು. ಆಮೇಲೆ ನಿಜವಾಗಿಯೂ ಯೋಚಿಸಿದಳು. ಹುಬ್ಬು ಗಂಟಿಕ್ಕಿಕೊಂಡು, ಗೋಡೆಯ ಕಡೆ ನೋಡುತ್ತ, ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ಯೋಚಿಸಿದಳು.

"ಇಲ್ಲ ಅಪ್ಪ. ಮರೆತುಹೋಗಿದೆ. ಒಂದು ಪುಟ ತುಂಬ ಬರೆದಿದ್ದೆ, ಅಷ್ಟು ಗೊತ್ತು. ಮುಂದಿಂದು ನೆನೆಸಿಕೊಳ್ಳೋಕೆ ಹೋದ್ರೆ ನಿಮ್ಮ ಮುದುಕನೇ ಬಂದು ನಿಲ್ತಾನೆ."

"ನಿಧಾನವಾಗಿ ಯೋಚನೆ ಮಾಡು. ಅವಸರ ಇಲ್ಲ."

"ಹೊರಗೆ ಪೇಷೆಂಟ್ ಕಾಯ್ತಿದ್ದಾರೆ ಅಪ್ಪ. ಏಳಿ."

ಮೇಷ್ಟ್ರು ಏಳಲಿಲ್ಲ. ಕುರ್ಚಿಯ ತೋಳುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸೊಟ್ಟ ಬಾಯಿಯಿಂದ ಎಂಜಲು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಅವಳನ್ನೇ ನೋಡುತ್ತ ಕೂತರು.

"ಇನ್ನೊಂದು ವಾಕ್ಯ ಹೇಳು," ಎಂದರು. "ಒಂದೇ ಒಂದು. ತಪ್ಪಿದ್ದರೂ ಪರವಾಗಿಲ್ಲ."